ಮನೆ ಕಟ್ಟುವವರೂ ನೆರೆಯವರೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನಾಡುವಾಗ ನಾವು ಖರ್ಚನ್ನಷ್ಟೇ ನೆನೆಯುತ್ತೇವೆ. ಕಟ್ಟುವವನಿಗೆ ಹಣದ ಚಿಂತೆಯಾದರೆ ಪಕ್ಕದ ಮನೆಯವರಿಗೂ ಒಂದು ಚಿಂತೆಯುಂಟು. ಗಾದೆ ಅದನ್ನು ಹೇಳುವುದಿಲ್ಲ.

ನಮ್ಮ ಹಳೆಯ ಹಂಚಿನ ಮನೆಯನ್ನು ಕೆಡವಿ ಹೊಸದನ್ನು ಕಟ್ಟಲು ಹೊರಟಾಗ ನೆರೆಮನೆಯ ವೃದ್ಧೆಯೊಬ್ಬರು ಬಂದರು. “ಮೇಷ್ಟ್ರೇ, ನನ್ನ ಅಡಿಗೆಮನೆಗಿರುವುದು ಒಂದೇ ಕಿಟಕಿ. ನೀವು ಗೋಡೆ ಎಬ್ಬಿಸಿದರೆ ಹಗಲಲ್ಲೂ ದೀಪ ಹಚ್ಚಬೇಕಾದೀತು” ಎಂದರು. “ನನ್ನ ಜಾಗ, ನಾನು ಕಟ್ಟುತ್ತೇನೆ” ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಆಡದಿದ್ದುದೇ ಒಳ್ಳೆಯದಾಯಿತು.

ನೆರೆಹೊರೆಯ ಇಂಥ ವ್ಯಾಜ್ಯ ಹೊಸದಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ‘ಮಿತಾಕ್ಷರಾ’ದಲ್ಲಿ ಸೀಮಾವಿವಾದವನ್ನು ವಿಸ್ತಾರವಾಗಿ ವಿಚಾರಿಸಿದ್ದಾನೆ. ಇನ್ನು 1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯ 15ನೆಯ ಪ್ರಕರಣದಂತೆ, ಒಂದು ಕಟ್ಟಡವು 20 ವರ್ಷಕಾಲ ಹಕ್ಕಿನಿಂದ, ಅಡ್ಡಿಯಿಲ್ಲದೆ ಬೆಳಕು-ಗಾಳಿಯನ್ನು ಅನುಭವಿಸಿದ್ದರೆ ಅದು ಸ್ಥಿರವಾದ ಹಕ್ಕಾಗುತ್ತದೆ. ಆ ಕಿಟಕಿಯಾದರೋ ಅದಕ್ಕಿಂತ ಹಳೆಯದು.

ಕಿಟಕಿಯ ಮಾತು ಮುಗಿದರೆ ಪಾಯದ ಮಾತು. ಹಳೆಯ ಗೋಡೆಯ ಪಕ್ಕದಲ್ಲಿ ಉದ್ದಕ್ಕೂ ಒಮ್ಮೆಗೇ ಅಗೆದರೆ ಅದರಡಿಯ ಮಣ್ಣು ಜರಿಯಬಹುದು. ಆದಕಾರಣ ತುಂಡುತುಂಡಾಗಿ ಅಗೆದು, ಒಂದನ್ನು ಕಟ್ಟಿ ಮುಗಿಸಿ, ಮತ್ತೊಂದನ್ನು ತೆರೆಯಬೇಕು. ಮಳೆಗಾಲದಲ್ಲಿ ಗುಂಡಿಯನ್ನು ತೆರೆದಿಡಲೇಬಾರದು. ಕೆಲಸಕ್ಕೆ ಮುಂಚೆ ಎರಡು ಮನೆಯವರೂ ಕೂಡಿ ಗೋಡೆಗಳನ್ನು ನೋಡಿ, ಫೋಟೋ ತೆಗೆದಿಡಲಿ. ಹಳೆಯ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನಂಟಿಸಿ ತಾರೀಖು ಬರೆಯಲಿ. ಗಾಜು ಒಡೆದರೆ ಬಿರುಕು ಬೆಳೆಯುತ್ತಿದೆಯೆಂದು ತಿಳಿದು ಕೆಲಸ ನಿಲ್ಲಿಸಿ ಇಂಜಿನಿಯರರನ್ನು ಕರೆಸಬೇಕು.

ಸದ್ದಿಗೂ ಕಟ್ಟಳೆಯುಂಟು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಹೊತ್ತನ್ನು ರಾತ್ರಿಯೆಂದೇ ಎಣಿಸುತ್ತವೆ. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯ ಮಗ್ಗುಲಲ್ಲಿ ಸಂಜೆಯೂ ಕೈ ತಡೆಯುವುದು ಲೇಸು. ಮರಳಿನ ರಾಶಿ ಚರಂಡಿಗೆ ಇಳಿಯದಂತೆ, ಧೂಳು ಹಾರದಂತೆ ನೋಡಿಕೊಳ್ಳುವುದಕ್ಕೆ ಕಾಯಿದೆ ಬೇಕಿಲ್ಲ.

ನಾನು ಆ ಕಡೆಯ ಗೋಡೆಯನ್ನು ಮೂರು ಮೊಳ ಒಳಕ್ಕೆ ಸರಿಸಿದೆ. ಪುಸ್ತಕದ ಬೀರುವಿಗೆ ಎಣಿಸಿದ್ದ ಜಾಗ ಹೋಯಿತು. ಹೆಂಡತಿಗೂ ಸ್ವಲ್ಪ ಅಸಮಾಧಾನವಾಯಿತು. ಮುಂದೆ ನಮ್ಮ ನಲ್ಲಿ ವಾರಕಾಲ ನಿಂತಾಗ, ಹಸಿಗೋಡೆಗೆ ನೀರುಣಿಸಲು ಆಕೆಯ ಬಾವಿಯೇ ಒದಗಿತು. “ಸೇದಿಕೊಳ್ಳಿ ಮೇಷ್ಟ್ರೇ, ಗೋಡೆ ಒಣಗಬಾರದು” ಎಂದು ಹಗ್ಗವನ್ನು ತಾವೇ ತಂದುಕೊಟ್ಟರು.