ಬಿಸಿಲು ಬಡಿದವನೂ ಬದಿಗೆ ನಿಂತವರೂ

ಚೈತ್ರವು ಮುಗಿದು ವೈಶಾಖವು ಕಾಲಿಡುವ ಹೊತ್ತಿಗೆ ಕಲಬುರ್ಗಿ, ರಾಯಚೂರು, ವಿಜಯಪುರ ಮೊದಲಾದ ಜಿಲ್ಲೆಗಳ ಬಿಸಿಲು ಎಷ್ಟು ಪ್ರಖರವಾದುದೆಂಬದನ್ನು ನಮ್ಮ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಈ ಪ್ರಾಂತದ ಸರಕಾರೀ ಕಚೇರಿಗಳನ್ನು ಬೇಸಗೆಯಲ್ಲಿ ಬೆಳಿಗ್ಗೆ 8 ಘಂಟೆಗೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವ ಏರ್ಪಾಡು ಅನೇಕ ವರ್ಷಗಳಿಂದ ನಡೆದುಬಂದಿದೆ. ಏರ್ಪಾಡು ಯುಕ್ತವಾದುದೇ ಸರಿ. ಆದರೆ ಹೊರೆ ಹೊರುವ ಹಮಾಲನಿಗೆ, ರಸ್ತೆಗೆ ಡಾಂಬರು ಹಾಕುವ ಕೂಲಿಯವನಿಗೆ, ಇಟ್ಟಂಗಿ ಭಟ್ಟಿಯಲ್ಲಿ ದುಡಿಯುವ ಹೆಣ್ಣುಮಗಳಿಗೆ ಸೂರ್ಯನು 1-30ಕ್ಕೆ ರಜೆ ಕೊಡುವದಿಲ್ಲ. ಅವರಲ್ಲೊಬ್ಬನು ನಡುಬೀದಿಯಲ್ಲಿ ಕುಸಿದುಬಿದ್ದರೆ ಅವನ ಬಳಿ ಮೊದಲು ಇರತಕ್ಕವರು ಡಾಕ್ಟರರಲ್ಲ; ನಾವು, ನೀವು. ಆ ಸಮಯದಲ್ಲಿ ನಮ್ಮ ಕರ್ತವ್ಯವೇನೆಂಬದು ನಮಗೆ ತಿಳಿದಿದೆಯೆ?

ತಿಳಿದಿಲ್ಲವೆಂಬದಕ್ಕೆ ನಾವೇ ಸಾಕ್ಷಿಗಳು. ಕೆಲವು ವರ್ಷಗಳ ಹಿಂದೆ ಒಂದು ಪೇಟೆಯ ದಾಸ್ತಾನು ಮಳಿಗೆಯ ಮುಂದೆ, ಮಧ್ಯಾಹ್ನ ಎರಡು ಘಂಟೆಯ ಸುಮಾರಿಗೆ, ಜೋಳದ ಚೀಲ ಇಳಿಸುತ್ತಿದ್ದ ಹಮಾಲನೊಬ್ಬನು ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತಾಡತೊಡಗಿದನು. ಜೊತೆಯವನನ್ನು ಬೈದನು, ತೂರಾಡಿದನು, ಬಿದ್ದನು. ಹಗಲಲ್ಲೇ ಕುಡಿದು ಬಂದಿದ್ದಾನೆಂದು ಗುಮಾಸ್ತನೊಬ್ಬನು ಹೇಳಿದನು. ಕೊಡೆ ಹಿಡಿದು ನಿಂತಿದ್ದ ನಾವೂ ಹಾಗೆಯೇ ತಿಳಿದೆವು. ಸ್ವಲ್ಪ ಹೊತ್ತಿಗೆ ಅವನ ಕೈಕಾಲು ಸೆಟೆದು ನಡುಗಿದವು. ಆಗ ಮೂರ್ಛೆರೋಗವೆಂದು ಯಾರೋ ಅವನ ಮುಷ್ಟಿಯಲ್ಲಿ ಕಬ್ಬಿಣದ ಕೀಲಿಕೈ ಇರಿಸಿದರು. ಇನ್ನಾರೋ ಬಾಯೊಳಗೆ ನೀರು ಹೊಯ್ದರು. ಗಾಡಿ ಬರುವದಕ್ಕೆ ಅರ್ಧ ಘಂಟೆಯಾಯಿತು, ದವಾಖಾನೆ ಮುಟ್ಟುವದಕ್ಕೆ ಮತ್ತಷ್ಟು. ಮೂರನೆಯ ದಿನ ಅವನು ತೀರಿಕೊಂಡನು. ಅವನು ಹನಿ ಮದ್ಯವನ್ನೂ ಮುಟ್ಟಿರಲಿಲ್ಲ. ಅವನು ಬಿದ್ದಲ್ಲಿಂದ ಹತ್ತು ಹೆಜ್ಜೆಯ ಮೇಲೆ ದನಗಳಿಗೆ ನೀರು ತುಂಬಿಸಿದ ತೊಟ್ಟಿಯೊಂದಿದ್ದಿತು. ಆ ತೊಟ್ಟಿಯೇ ಅವನ ಔಷಧವಾಗಿತ್ತೆಂದು ಡಾಕ್ಟರರು ತರುವಾಯ ನಮಗೆ ಹೇಳಿದಾಗ ನಾವು ತಲೆ ತಗ್ಗಿಸಬೇಕಾಯಿತು.

ಡಾಕ್ಟರರು ಹೀಟ್ ಸ್ಟ್ರೋಕ್ ಎಂದೂ ಹಳ್ಳಿಗರು ಬಿಸಿಲು ಬಡಿಯುವದೆಂದೂ ಕರೆಯುವ ಈ ಉಷ್ಣಾಘಾತದ ಸ್ವರೂಪವು ಕಠಿಣವಾದುದೇನಲ್ಲ. ಮನುಷ್ಯನ ಒಡಲಿನ ಉಷ್ಣತೆಯು ಸೆಂಟಿಗ್ರೇಡಿನಲ್ಲಿ ಸುಮಾರು 37 ಅಂಶದಷ್ಟಿರುವದು. ಹೊರಗಿನ ಬಿಸಿಲಿನಿಂದಲೂ ಒಳಗಿನ ದುಡಿಮೆಯಿಂದಲೂ ಹುಟ್ಟುವ ಕಾವನ್ನು ಬೆವರು ಆರುವ ಮೂಲಕ ದೇಹವು ಹೊರಹಾಕುತ್ತದೆ. ಹವೆಯಲ್ಲಿ ತೇವವು ಹೆಚ್ಚಾಗಿ ಬೆವರು ಆರದಿದ್ದಾಗ, ನೀರು ಸಾಲದೆ ಬೆವರು ಬತ್ತಿದಾಗ, ಅಥವಾ ಕಾವು ಬೆವರಿನ ಶಕ್ತಿಗೆ ಮೀರಿದಾಗ ಉಷ್ಣತೆಯು 40 ಅಂಶವನ್ನು ದಾಟಿ ಮೇಲೇರುವದು. ಆಗ ಮೊದಲು ಕೆಡುವದು ಮಿದುಳು. ಅನಂತರ ಯಕೃತ್ತು, ಮೂತ್ರಪಿಂಡ, ರಕ್ತ ಇವೆಲ್ಲವುಗಳ ವ್ಯವಹಾರವೂ ತಪ್ಪುವದು. ಎಷ್ಟು ಹೊತ್ತು ಒಡಲು ಆ ಕಾವಿನಲ್ಲಿ ಬೇಯುವದೋ ಅಷ್ಟಷ್ಟು ಹಾನಿಯು ಹೆಚ್ಚುವದು. ಆದಕಾರಣ ಇಲ್ಲಿ ಪ್ರಾಣವನ್ನು ನಿರ್ಣಯಿಸುವದು ಬಿದ್ದ ಮೊದಲಿನ ಅರ್ಧ ಘಂಟೆ.

ಗುರುತು ಹಿಡಿಯುವದು ಹೇಗೆ? ಬಿಸಿಲಿನಲ್ಲಿ ದಣಿದವರೆಲ್ಲರೂ ಉಷ್ಣಾಘಾತಕ್ಕೆ ಒಳಗಾದವರಲ್ಲ. ತಲೆನೋವು, ಓಕರಿಕೆ, ಮೀನಖಂಡಗಳ ಸೆಳೆತ, ವಿಪರೀತ ಬೆವರು, ಸುಸ್ತು ಇದ್ದು ಬುದ್ಧಿಯು ಸ್ವಸ್ಥವಾಗಿದ್ದರೆ ಅದು ಬಿಸಿಲಿನ ಬಳಲಿಕೆ. ಅಂಥವನನ್ನು ನೆರಳಿನಲ್ಲಿ ಮಲಗಿಸಿ, ಉಡುಪನ್ನು ಸಡಿಲಿಸಿ, ಉಪ್ಪು ಬೆರೆಸಿದ ಮಜ್ಜಿಗೆಯನ್ನಾಗಲಿ, ಒಂದು ಲೀಟರು ಶುದ್ಧ ನೀರಿಗೆ ಆರು ಚಹಾಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಕರಗಿಸಿದ ಪಾನಕವನ್ನಾಗಲಿ ಗುಟುಕುಗುಟುಕಾಗಿ ಕೊಡಬೇಕು; ಬಿಟ್ಟುಹೋಗದೆ ಬಳಿಯಲ್ಲಿರಬೇಕು. ಆದರೆ ಅವನ ಮಾತು ತಪ್ಪಿದರೆ, ತನ್ನ ಹೆಸರು, ಊರು, ದಿನ ಹೇಳಲಾರದೆ ಹೋದರೆ, ಕಾರಣವಿಲ್ಲದೆ ಸಿಟ್ಟುಗೊಂಡರೆ, ತೂರಾಡಿದರೆ, ಸೆಟೆದರೆ, ಎಚ್ಚರ ತಪ್ಪಿದರೆ, ಜೊತೆಗೆ ಮೈ ಕಾದಿದ್ದರೆ, ಅದನ್ನು ಉಷ್ಣಾಘಾತವೆಂದೇ ತಿಳಿಯತಕ್ಕದ್ದು. ಚರ್ಮವು ಒಣಗಿದ್ದರೆ ಮಾತ್ರ ಉಷ್ಣಾಘಾತವೆಂಬ ನಂಬಿಕೆಯು ತಪ್ಪು. ಮನೆಯೊಳಗೆ ಬಿದ್ದ ವೃದ್ಧರಲ್ಲಿ ಬಹುಶಃ ಚರ್ಮವು ಒಣಗಿರುವದು. ದುಡಿಯುತ್ತ ಬಿದ್ದವನ ಮೈಯೋ ಬೆವರಿನಿಂದ ತೊಯ್ದಿರಬಹುದು. ಬುದ್ಧಿಭ್ರಮೆಯೇ ಮುಖ್ಯ ಲಕ್ಷಣ. ಬೇಸಗೆಯ ಮಧ್ಯಾಹ್ನದಲ್ಲಿ ಒಬ್ಬನನ್ನು ಕುಡುಕನೆನ್ನುವ ಮೊದಲು ಅವನ ಎದೆ ಬೆನ್ನುಗಳನ್ನು ಕೈಯಿಂದ ಮುಟ್ಟಿ ನೋಡಿರಿ.

ಮಾಡಬೇಕಾದುದು ಇಷ್ಟೇ. ಒಬ್ಬನು 108ಕ್ಕೆ ಕರೆ ಮಾಡಲಿ. ಉಳಿದವರು ಗಾಡಿಯ ದಾರಿ ಕಾಯದೆ ತಂಪು ಮಾಡಲು ತೊಡಗಲಿ. ಮೊದಲು ತಂಪು, ಆಮೇಲೆ ಸಾಗಾಟ ಎಂಬದೇ ಇಲ್ಲಿಯ ಸೂತ್ರ. ರೋಗಿಯನ್ನು ನೆರಳಿಗೆ ಎಳೆದು, ಮೇಲುಡುಪನ್ನು ತೆಗೆಯಬೇಕು. ಹೆಂಗಸಾದರೆ ಹೆಂಗಸರು ಮುಂದಾಗಿ ಸೀರೆಯ ಮರೆ ಹಿಡಿಯಲಿ. ಸಂಕೋಚಕ್ಕಾಗಿ ಪ್ರಾಣವನ್ನು ಕಳೆಯಬಾರದು. ದುಡಿಯುತ್ತ ಬಿದ್ದ ಗಟ್ಟಿಮುಟ್ಟಾದ ಆಳನ್ನು, ತೊಟ್ಟಿಯೋ ಹೌದವೋ ಹತ್ತಿರವಿದ್ದರೆ, ಕಂಕುಳಲ್ಲಿ ಭದ್ರವಾಗಿ ಹಿಡಿದು ತಲೆಯನ್ನು ನೀರಿನ ಮೇಲಿಟ್ಟು ಕುತ್ತಿಗೆಯ ವರೆಗೆ ತಣ್ಣೀರಿನಲ್ಲಿ ಮುಳುಗಿಸಬೇಕು. ಅವನನ್ನು ಒಂದು ಗಳಿಗೆಯೂ ಕೈಬಿಡಬಾರದು. ತೊಟ್ಟಿ ಇಲ್ಲದಿದ್ದರೆ, ಅಥವಾ ವೃದ್ಧರೂ ದುರ್ಬಲರೂ ಆಗಿದ್ದರೆ, ಕೊಡಗಟ್ಟಲೆ ನೀರನ್ನು ಮೈಮೇಲೆ ಎಡೆಬಿಡದೆ ಸುರಿಯುತ್ತ ಗಾಳಿ ಬೀಸಬೇಕು. ಒಣ ಮೈಗೆ ಬರಿಯ ಬೀಸಣಿಕೆಯಿಂದ ಫಲವಿಲ್ಲ. ಚರ್ಮಕ್ಕಿಂತ ಬಿಸಿಯಾದ ಗಾಳಿಯು ಕಾವನ್ನು ಕಳೆಯದೆ ಕೂಡಿಸುವದು. ಮಂಜುಗಡ್ಡೆ ದೊರೆತರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಇಡಬೇಕು. ಬುದ್ಧಿ ತಿಳಿಯಾಗುವ ವರೆಗೆ, ಇಲ್ಲವೆ ನಡುಕ ಹುಟ್ಟುವ ವರೆಗೆ ಈ ಉಪಚಾರವನ್ನು ನಿಲ್ಲಿಸಕೂಡದು. ಎಚ್ಚರ ತಪ್ಪಿ ಉಸಿರಾಡುತ್ತಿರುವವನಿಗೆ ನೀರೆರೆಯುವಾಗ ಅವನನ್ನು ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಬೇಕು. ಗಾಡಿಯಲ್ಲಿಯೂ ಒದ್ದೆ ಬಟ್ಟೆ, ಗಾಳಿಗಳು ನಡೆದೇ ಇರಬೇಕು. ಎಚ್ಚತ್ತು ಕುಳಿತರೂ ದವಾಖಾನೆಗೆ ಒಯ್ಯತಕ್ಕದ್ದೇ. ಒಳಗಿನ ಅಂಗಗಳ ಹಾನಿಯು ಮರುದಿನ ತೋರಬಹುದು.

ಮಾಡಬಾರದವುಗಳೂ ಇವೆ. ಎಚ್ಚರವಿಲ್ಲದವನ ಬಾಯಿಗೆ ನೀರು ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿಯುವದು. ಜ್ವರದ ಗುಳಿಗೆಯನ್ನು ಕೊಡಬಾರದು. ಇದು ಜ್ವರವಲ್ಲ, ಆ ಗುಳಿಗೆಯಿಂದ ಈ ಕಾವು ಇಳಿಯದು, ಬೆಂದ ಯಕೃತ್ತಿಗೆ ಮತ್ತೊಂದು ಹೊರೆಯಾಗುವದು. ಕೀಲಿಕೈಯಿಂದಲೂ ಉಳ್ಳಾಗಡ್ಡಿಯಿಂದಲೂ ಆಗುವದೇನೂ ಇಲ್ಲ. ಗುಂಪುಗೂಡಿ ಗಾಳಿಯನ್ನು ತಡೆದು ನಿಲ್ಲುವದಂತೂ ನಮ್ಮ ಊರುಗಳ ಹಳೆಯ ಚಾಳಿ.

ಕಾದ ಮೈಮೇಲೆ ತಣ್ಣೀರು ಸುರಿದರೆ ಸನ್ನಿ ಹಿಡಿಯುವದೆಂದು ಹಿರಿಯರು ಅಂಜುವರು. ಈ ಅಂಜಿಕೆಗೆ ಅನುಭವವೇ ಉತ್ತರ. ಅಮೆರಿಕೆಯ ಫಾಲ್ಮತ್ ಎಂಬ ಊರಿನಲ್ಲಿ ಪ್ರತಿ ಬೇಸಗೆಯಲ್ಲಿ ದೊಡ್ಡ ಓಟದ ಪಂದ್ಯವು ನಡೆಯುವದು. ಅಲ್ಲಿ 18 ವರ್ಷಗಳ ಪಂದ್ಯಗಳಲ್ಲಿ ಉಷ್ಣಾಘಾತಕ್ಕೆ ಗುರಿಯಾದ 274 ಜನರನ್ನು ಸ್ಥಳದಲ್ಲಿಯೇ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ ಉಪಚರಿಸಿದರು, ಒಬ್ಬನಾದರೂ ಸಾಯಲಿಲ್ಲ. ಅಲ್ಲಿ ತೊಟ್ಟಿಯು ಸಿದ್ಧವಾಗಿದ್ದಿತು, ಬಳಿಯಲ್ಲಿದ್ದವರಿಗೆ ವಿಷಯವು ತಿಳಿದಿದ್ದಿತು.

ನಮ್ಮ ದೇಶದ ಎರಡು ಉದಾಹರಣೆಗಳನ್ನು ಇದಕ್ಕೆ ಎದುರಾಗಿ ಇಡೋಣ. 2023ನೆಯ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರದಲ್ಲಿ ಸರಕಾರವೇ ಏರ್ಪಡಿಸಿದ ಪ್ರಶಸ್ತಿಪ್ರದಾನ ಸಮಾರಂಭದಲ್ಲಿ ಲಕ್ಷಗಟ್ಟಲೆ ಜನರು ನೆರಳಿಲ್ಲದ ಮೈದಾನದಲ್ಲಿ ಘಂಟೆಗಟ್ಟಲೆ ಕುಳಿತರು. ಅಂದು ಉಷ್ಣತೆಯು 38 ಅಂಶದ ಸುಮಾರಿಗಷ್ಟೇ ಇದ್ದಿತಾದರೂ ಕಡಲತಡಿಯ ತೇವದ ಹವೆಯಲ್ಲಿ ಹನ್ನೆರಡಕ್ಕಿಂತ ಹೆಚ್ಚು ಜನರು ಮಡಿದರು. ಕರಾವಳಿಯ ನಮ್ಮ ಜನರು ಇದನ್ನು ವಿಶೇಷವಾಗಿ ನೆನಪಿಡಲಿ; 45 ಅಂಶ ಏರಿದರೇನೇ ಅಪಾಯವೆಂದಿಲ್ಲ. ಅತ್ತ ಅಹಮದಾಬಾದಿನಲ್ಲಿ 2010ನೆಯ ಮೇ ತಿಂಗಳಲ್ಲಿ ಉಷ್ಣತೆಯು 46.8 ಅಂಶಕ್ಕೇರಿದಾಗ, ಆ ಒಂದೇ ತಿಂಗಳಲ್ಲಿ ಎಂದಿಗಿಂತ 1,344 ಮರಣಗಳು ಹೆಚ್ಚಾದುವೆಂದು ಲೆಕ್ಕ ಹಾಕಿದರು. ಆ ನಗರವು ಸುಮ್ಮನಿರಲಿಲ್ಲ. 2013ರಲ್ಲಿ ಮುನ್ನೆಚ್ಚರಿಕೆ, ವೈದ್ಯರಿಗೆ ತರಬೇತಿ, ಜನರಿಗೆ ನೀರು ನೆರಳು ಇವನ್ನೊಳಗೊಂಡ ಯೋಜನೆಯೊಂದನ್ನು ಜಾರಿಗೆ ತಂದಿತು. ದಕ್ಷಿಣ ಏಷಿಯದಲ್ಲಿ ಅದೇ ಮೊದಲನೆಯದು.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿದು. ಯೋಜನೆಯು ಕಾಗದದಲ್ಲಿದ್ದರೆ ಸಾಲದು. ಪ್ರತಿ ಪೇಟೆಯ ಪ್ರಾಂಗಣದಲ್ಲಿಯೂ ಬಸ್ ನಿಲ್ದಾಣದಲ್ಲಿಯೂ ಜಾತ್ರೆಯ ಬಯಲಿನಲ್ಲಿಯೂ ನೆರಳು, ತುಂಬಿದ ತೊಟ್ಟಿ, ಹತ್ತು ಕೊಡಗಳು, ಈ ಉಪಚಾರವನ್ನು ಕಲಿತ ಇಬ್ಬರು ಇರಲಿ. ಹೊರೆಯ ಕೆಲಸವು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ವರೆಗೆ ನಿಲ್ಲಲಿ. ಹೊಸದಾಗಿ ಕೆಲಸಕ್ಕೆ ಬಂದವನ ದೇಹವು ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕೆಂಬದನ್ನು ಗುತ್ತಿಗೆದಾರರು ಮರೆಯದಿರಲಿ. ಮಧ್ಯಾಹ್ನದಲ್ಲಿ ಸಭೆ ಸಮಾರಂಭಗಳನ್ನಿಟ್ಟು ಭಾಷಣ ಮಾಡುವ ಮಹನೀಯರು ತಾವು ಚಪ್ಪರದಲ್ಲಿರುವಂತೆ ಕೇಳುವವರನ್ನೂ ಚಪ್ಪರದಲ್ಲಿಡಲಿ.

ಪೌರರಲ್ಲಿ ಬೇಡುವದು ಇನ್ನೂ ಸ್ವಲ್ಪ. ಅರವಟ್ಟಿಗೆಯನ್ನಿಟ್ಟು ದಾರಿಹೋಕನ ಬಾಯಾರಿಕೆಯನ್ನು ಹಿಂಗಿಸುವದು ಪುಣ್ಯವೆಂದು ತಿಳಿದ ನಾಡಿದು. ಆ ಅರವಟ್ಟಿಗೆಯ ನೀರೇ ಬಿದ್ದವನ ಮೈಮೇಲೆ ಬಿದ್ದರೆ ಪ್ರಾಣದಾನವಾಗುವದು. ಆ ಹಮಾಲನ ಹೆಸರನ್ನು ನಾವು ಅವನು ಸತ್ತ ಮೇಲೆ ತಿಳಿದುಕೊಂಡೆವು. ಈ ಬೇಸಗೆಯಲ್ಲಿ ಅಂಥ ಇನ್ನೊಬ್ಬನು ನಿಮ್ಮ ಮುಂದೆ ತೂರಾಡಿದರೆ, ಅವನ ಹೆಸರನ್ನು ಬದುಕಿರುವಾಗಲೇ ಕೇಳಿರಿ. ಅವನು ಹೇಳಲಾರದೆ ಹೋದರೆ ಕೊಡವನ್ನೆತ್ತಿಕೊಳ್ಳಿರಿ.