ರಾಜಕೀಯ ಪಕ್ಷಗಳು, ಸರ್ಕಾರ ಮತ್ತು ನಾಗರಿಕ ಸೇವೆಗಳು: ಪುತ್ತೂರು, ಸುಳ್ಯ ಹಾಗೂ ಕಡಬ ತಾಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಸರ್ಕಾರಿ ಕಛೇರಿಗಳಿಗೆ ವಿವಿಧ ಸೇವೆಗಳನ್ನು ಕೋರಿ ಬರುವ ಸಾರ್ವಜನಿಕರಲ್ಲಿ ಕೆಲವರು ಅರ್ಜಿಯೊಡನೆ ಯಾವುದಾದರೊಂದು ರಾಜಕೀಯ ಪಕ್ಷದ ಮುಖಂಡರ ಶಿಫಾರಸು ಪತ್ರವನ್ನು ಲಗತ್ತಿಸಿ ತರುವುದು ಕಂಡುಬರುತ್ತದೆ. ಮತ್ತೆ ಕೆಲವರು, ತಾವು ಮತ ನೀಡಿದ ಪಕ್ಷವು ಅಧಿಕಾರದಲ್ಲಿಲ್ಲದ ಕಾರಣ ತಮ್ಮ ಅರ್ಜಿಯು ಮೂಲೆಗೆ ಬೀಳಬಹುದೆಂದು ಅಂಜಿ, ಅರ್ಹತೆಯಿದ್ದರೂ ಅರ್ಜಿಯನ್ನೇ ಸಲ್ಲಿಸದೆ ಉಳಿಯುತ್ತಾರೆ. ವಿಧವಾ ವೇತನ, ವೃದ್ಧಾಪ್ಯ ವೇತನಗಳನ್ನೇ ನಂಬಿ ಬದುಕುವ ಕುಟುಂಬಗಳಿಗೆ ಈ ಅಂಜಿಕೆಯಿಂದ ಆಗುವ ನಷ್ಟವು ಸಣ್ಣದಲ್ಲ. ಆದುದರಿಂದ ನಮ್ಮ ಬಹುಪಕ್ಷ ಸಂಸದೀಯ ವ್ಯವಸ್ಥೆಯಲ್ಲಿ ಪಕ್ಷಗಳ ಸ್ಥಾನವೇನು, ಅರ್ಜಿದಾರರ ಹಕ್ಕಿಗೂ ಪಕ್ಷಗಳಿಗೂ ಸಂಬಂಧವೆಷ್ಟು ಎಂಬುದನ್ನು ಈ ಪುಟದಲ್ಲಿ ಸ್ಥಳೀಯ ಉದಾಹರಣೆಗಳೊಂದಿಗೆ ವಿವರಿಸಲಾಗಿದೆ.

1. ಪಕ್ಷಗಳು ಸರ್ಕಾರವನ್ನು ರಚಿಸುವ ಬಗೆ

ಸಂಸದೀಯ ಪದ್ಧತಿಯಲ್ಲಿ ಮತದಾರರು ಮುಖ್ಯಮಂತ್ರಿಯನ್ನು ನೇರವಾಗಿ ಆರಿಸುವುದಿಲ್ಲ. ತಮ್ಮ ಕ್ಷೇತ್ರದ ಶಾಸಕರನ್ನು ಆರಿಸುತ್ತಾರೆ. ಕರ್ನಾಟಕ ವಿಧಾನಸಭೆಯ ಚುನಾಯಿತ ಸ್ಥಾನಗಳು 224. ಇವುಗಳಲ್ಲಿ ಕನಿಷ್ಠ 113 ಸದಸ್ಯರ ಬೆಂಬಲವುಳ್ಳ ಪಕ್ಷ ಅಥವಾ ಪಕ್ಷಗಳ ಒಕ್ಕೂಟವು ಪೂರ್ಣ ಸದನದಲ್ಲಿ ಬಹುಮತ ಹೊಂದಿ ಸರ್ಕಾರ ರಚಿಸುತ್ತದೆ. ಮಂತ್ರಿಮಂಡಲವು ಸದನಕ್ಕೆ ಉತ್ತರದಾಯಿಯಾಗಿದ್ದು, ಸದನದ ವಿಶ್ವಾಸವಿರುವವರೆಗೆ ಮಾತ್ರ ಅಧಿಕಾರದಲ್ಲಿರುತ್ತದೆ. ಬಹುಮತವಿದೆಯೇ ಇಲ್ಲವೇ ಎಂಬುದು ಸದನದಲ್ಲಿಯೇ ನಿರ್ಧಾರವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಈ ಪ್ರಕರಣದ ಮೂಲವು 1989ರಲ್ಲಿ ಕರ್ನಾಟಕದ ಬೊಮ್ಮಾಯಿ ಸರ್ಕಾರವನ್ನು ವಜಾಗೊಳಿಸಿದ ಘಟನೆಯಾಗಿದೆ.

ಹಲವು ಪಕ್ಷಗಳು ಸ್ಪರ್ಧಿಸುವಾಗ ಯಾವುದಕ್ಕೂ ಸ್ಪಷ್ಟ ಬಹುಮತ ಬಾರದಿರುವುದುಂಟು. 2018ರ ಮೇ ತಿಂಗಳಲ್ಲಿ ಮತದಾನ ನಡೆದ 222 ಕ್ಷೇತ್ರಗಳ ಪೈಕಿ ಭಾರತೀಯ ಜನತಾ ಪಕ್ಷಕ್ಕೆ 104, ಕಾಂಗ್ರೆಸ್ ಪಕ್ಷಕ್ಕೆ 78 ಹಾಗೂ ಜನತಾ ದಳ (ಜಾತ್ಯತೀತ) ಪಕ್ಷಕ್ಕೆ 37 ಸ್ಥಾನಗಳು ಲಭಿಸಿದವು. ಮೊದಲು ಶ್ರೀ ಬಿ.ಎಸ್. ಯಡಿಯೂರಪ್ಪನವರು ಪ್ರಮಾಣವಚನ ಸ್ವೀಕರಿಸಿ, ಬಹುಮತ ಸಾಬೀತಿಗೆ ಮುನ್ನವೇ ರಾಜೀನಾಮೆ ನೀಡಿದರು. ತರುವಾಯ ಶ್ರೀ ಹೆಚ್.ಡಿ. ಕುಮಾರಸ್ವಾಮಿಯವರ ನೇತೃತ್ವದಲ್ಲಿ ಕಾಂಗ್ರೆಸ್ ಮತ್ತು ಜನತಾ ದಳ (ಜಾತ್ಯತೀತ) ಸಮ್ಮಿಶ್ರ ಸರ್ಕಾರವು ರಚನೆಯಾಯಿತು. 2019ರ ಜುಲೈ 23ರಂದು ಆ ಸರ್ಕಾರವು 99 ಮತಗಳ ವಿರುದ್ಧ 105 ಮತಗಳಿಂದ ವಿಶ್ವಾಸಮತವನ್ನು ಕಳೆದುಕೊಂಡು, ಅದೇ ತಿಂಗಳಲ್ಲಿ ಭಾರತೀಯ ಜನತಾ ಪಕ್ಷದ ಸರ್ಕಾರವು ಅಧಿಕಾರಕ್ಕೆ ಬಂದಿತು. 2023ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು 135 ಸ್ಥಾನಗಳನ್ನು ಗಳಿಸಿ ಸರ್ಕಾರ ರಚಿಸಿತು. ಹೀಗೆ ಐದು ವರ್ಷಗಳ ಅವಧಿಯಲ್ಲಿ ಹಲವು ಬಾರಿ ಸರ್ಕಾರ ಬದಲಾದರೂ ನಾಡಕಛೇರಿ, ತಾಲೂಕು ಕಛೇರಿಗಳು ಎಂದಿನಂತೆ ಕಾರ್ಯನಿರ್ವಹಿಸಿದವು.

2. ಪಕ್ಷಗಳ ನೋಂದಣಿ ಮತ್ತು ಮಾನ್ಯತೆ

ಯಾವುದೇ ಪಕ್ಷವು 1951ರ ಪ್ರಜಾಪ್ರತಿನಿಧ್ಯ ಅಧಿನಿಯಮದ ಪ್ರಕರಣ 29-ಎ ಅಡಿಯಲ್ಲಿ ಭಾರತ ಚುನಾವಣಾ ಆಯೋಗದಲ್ಲಿ ನೋಂದಾಯಿಸಿಕೊಳ್ಳಬಹುದು. ಆದರೆ ನೋಂದಣಿ ಬೇರೆ, ಮಾನ್ಯತೆ ಬೇರೆ. ಗಳಿಸಿದ ಮತ ಹಾಗೂ ಸ್ಥಾನಗಳ ಆಧಾರದ ಮೇಲೆ 1968ರ ಚಿಹ್ನೆಗಳ ಆದೇಶದಂತೆ ಆಯೋಗವು ರಾಷ್ಟ್ರೀಯ ಅಥವಾ ರಾಜ್ಯ ಪಕ್ಷವೆಂಬ ಮಾನ್ಯತೆ ನೀಡುತ್ತದೆ. ಮಾನ್ಯತೆ ಪಡೆದ ಪಕ್ಷಕ್ಕೆ ಮಾತ್ರ ಚಿಹ್ನೆಯು ಮೀಸಲಾಗಿರುತ್ತದೆ. 2023ರ ಏಪ್ರಿಲ್ ತಿಂಗಳ ಪರಿಷ್ಕರಣೆಯಲ್ಲಿ ಆರು ಪಕ್ಷಗಳು ರಾಷ್ಟ್ರೀಯ ಪಕ್ಷಗಳ ಪಟ್ಟಿಯಲ್ಲಿದ್ದವು. ಜನತಾ ದಳ (ಜಾತ್ಯತೀತ) ಕರ್ನಾಟಕದಲ್ಲಿ ರಾಜ್ಯ ಪಕ್ಷವೆಂದು ಮಾನ್ಯತೆ ಪಡೆದಿದೆ. ಯಾವ ಪಕ್ಷಕ್ಕೂ ಸೇರದ ಪಕ್ಷೇತರರು ಕೂಡ ಸ್ಪರ್ಧಿಸಲು ಹಕ್ಕುಳ್ಳವರಾಗಿರುತ್ತಾರೆ.

3. ಪುತ್ತೂರು ಮತ್ತು ಸುಳ್ಯ ಕ್ಷೇತ್ರಗಳ ಅನುಭವ

ನಮ್ಮ ಪದ್ಧತಿಯಲ್ಲಿ ಅತಿ ಹೆಚ್ಚು ಮತ ಪಡೆದ ಅಭ್ಯರ್ಥಿಯು ಆಯ್ಕೆಯಾಗುತ್ತಾರೆ. ಚಲಾವಣೆಯಾದ ಮತಗಳ ಅರ್ಧಕ್ಕಿಂತ ಹೆಚ್ಚು ಪಡೆಯಬೇಕೆಂಬ ನಿಯಮವಿಲ್ಲ. ಪುತ್ತೂರು ಕ್ಷೇತ್ರದ (ಸಂಖ್ಯೆ 206) 2023ರ ಫಲಿತಾಂಶವು ಇದಕ್ಕೆ ಉತ್ತಮ ಉದಾಹರಣೆಯಾಗಿದೆ. ಆ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿ ಶ್ರೀ ಅಶೋಕ್ ಕುಮಾರ್ ರೈ ಅವರು 4,149 ಮತಗಳ ಅಂತರದಿಂದ ಆಯ್ಕೆಯಾದರು. ಪಕ್ಷೇತರ ಅಭ್ಯರ್ಥಿ ಶ್ರೀ ಅರುಣ್ ಕುಮಾರ್ ಪುತ್ತಿಲ ಅವರು ಎರಡನೆಯ ಸ್ಥಾನವನ್ನೂ, ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯು ಮೂರನೆಯ ಸ್ಥಾನವನ್ನೂ ಪಡೆದರು. ಮತಗಳು ಮೂರು ಪಾಲಾದ ಕಾರಣ, ಮತ ಚಲಾಯಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗೆದ್ದ ಅಭ್ಯರ್ಥಿಗೆ ಮತ ನೀಡಿದವರಲ್ಲ. ಆದರೂ ಆಯ್ಕೆಯಾದ ಬಳಿಕ ಶಾಸಕರು ಇಡೀ ಕ್ಷೇತ್ರದ ಪ್ರತಿನಿಧಿಯಾಗುತ್ತಾರೆ. ಮತ ನೀಡದವರಿಗೂ ಅವರೇ ಶಾಸಕರು.

ಪರಿಶಿಷ್ಟ ಜಾತಿಗೆ ಮೀಸಲಾಗಿರುವ ಸುಳ್ಯ ಕ್ಷೇತ್ರದಲ್ಲಿ (ಸಂಖ್ಯೆ 207) ಇನ್ನೊಂದು ಅಂಶವನ್ನು ಗಮನಿಸಬಹುದು. ಶ್ರೀ ಎಸ್. ಅಂಗಾರ ಅವರು 1994ರಿಂದ 2018ರವರೆಗೆ ಸತತ ಆರು ಚುನಾವಣೆಗಳಲ್ಲಿ ಭಾರತೀಯ ಜನತಾ ಪಕ್ಷದಿಂದ ಆಯ್ಕೆಯಾದರು. 2013ರಲ್ಲಿ ಜಿಲ್ಲೆಯ ಎಂಟು ಕ್ಷೇತ್ರಗಳ ಪೈಕಿ ಏಳರಲ್ಲಿ ಕಾಂಗ್ರೆಸ್ ಗೆದ್ದಾಗಲೂ ಸುಳ್ಯದಲ್ಲಿ ಅವರೇ ಆಯ್ಕೆಯಾದರು. 2023ರಲ್ಲಿ ಅದೇ ಪಕ್ಷದ ಶ್ರೀಮತಿ ಭಾಗೀರಥಿ ಮುರುಳ್ಯ ಅವರು ಚುನಾಯಿತರಾದರು. ಅಂದರೆ ಸುಳ್ಯದ ಶಾಸಕರು ಆಡಳಿತ ಪಕ್ಷದಲ್ಲಿದ್ದ ವರ್ಷಗಳೂ ಇವೆ, ವಿರೋಧ ಪಕ್ಷದಲ್ಲಿದ್ದ ವರ್ಷಗಳೂ ಇವೆ. ಈ ಎಲ್ಲ ವರ್ಷಗಳಲ್ಲಿಯೂ ಸುಳ್ಯ ತಾಲೂಕು ಕಛೇರಿಯು ರಾಜ್ಯ ಸರ್ಕಾರದ ಕಛೇರಿಯಾಗಿಯೇ ಇದ್ದು, ರಾಜ್ಯದ ಇತರೆಡೆಗಳಲ್ಲಿ ಅನ್ವಯಿಸುವ ನಿಯಮಗಳೇ ಇಲ್ಲಿಯೂ ಅನ್ವಯಿಸಿವೆ.

4. ತಾಲೂಕು ಬೇರೆ, ಕ್ಷೇತ್ರ ಬೇರೆ

ಪುತ್ತೂರು ಹಾಗೂ ಸುಳ್ಯ ತಾಲೂಕುಗಳ ಗ್ರಾಮಗಳನ್ನು ಬೇರ್ಪಡಿಸಿ ಕಡಬ ತಾಲೂಕನ್ನು ರಚಿಸಲಾಗಿದೆ. ಮೊದಲು ಸುಳ್ಯ ತಾಲೂಕಿನಲ್ಲಿದ್ದ ಸುಬ್ರಹ್ಮಣ್ಯವು ಈಗ ಕಡಬ ತಾಲೂಕಿಗೆ ಸೇರಿದೆ. ಆದರೆ ವಿಧಾನಸಭಾ ಕ್ಷೇತ್ರಗಳ ಗಡಿಯು 2008ರ ಪುನರ್ವಿಂಗಡಣೆಯಂತೆ ನಿಗದಿಯಾದುದಾಗಿದ್ದು, ಕಡಬ ಎಂಬ ಹೆಸರಿನ ಪ್ರತ್ಯೇಕ ವಿಧಾನಸಭಾ ಕ್ಷೇತ್ರವಿಲ್ಲ. ಕಡಬ ಪಟ್ಟಣವು ಸುಳ್ಯ ಕ್ಷೇತ್ರದಲ್ಲಿದೆ. ಅದೇ ರೀತಿ ಬಂಟ್ವಾಳ ತಾಲೂಕಿನ ವಿಟ್ಲ ಭಾಗದ ಗ್ರಾಮಗಳು ಪುತ್ತೂರು ಕ್ಷೇತ್ರದಲ್ಲಿವೆ. ಆದುದರಿಂದ ಸೇವೆಗೆ ಅರ್ಜಿ ಸಲ್ಲಿಸುವಾಗ ತಮ್ಮ ಗ್ರಾಮವು ಯಾವ ತಾಲೂಕಿನಲ್ಲಿದೆ ಎಂಬುದನ್ನೂ, ಮತದಾರರ ಪಟ್ಟಿಯ ವಿಷಯದಲ್ಲಿ ಯಾವ ಕ್ಷೇತ್ರದಲ್ಲಿದೆ ಎಂಬುದನ್ನೂ ಪ್ರತ್ಯೇಕವಾಗಿ ನೋಡಿಕೊಳ್ಳತಕ್ಕದ್ದು. ಇವೆರಡನ್ನು ಒಂದೇ ಎಂದು ತಿಳಿದು ಅರ್ಜಿದಾರರು ಒಂದು ಊರಿನಿಂದ ಇನ್ನೊಂದು ಊರಿಗೆ ವೃಥಾ ಅಲೆಯಬೇಕಾಗಿಲ್ಲ.

5. ಗ್ರಾಮ ಪಂಚಾಯತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ

ಲೋಕಸಭೆ, ವಿಧಾನಸಭೆ, ಜಿಲ್ಲಾ ಪಂಚಾಯತಿ, ತಾಲೂಕು ಪಂಚಾಯತಿ ಹಾಗೂ ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆಗಳು ಪಕ್ಷಗಳ ಚಿಹ್ನೆಯ ಮೇಲೆ ನಡೆಯುತ್ತವೆ. ಆದರೆ ಕರ್ನಾಟಕದಲ್ಲಿ ಗ್ರಾಮ ಪಂಚಾಯತಿ ಚುನಾವಣೆಯು ಪಕ್ಷರಹಿತವಾಗಿದ್ದು, ಅಭ್ಯರ್ಥಿಗಳು ಪಕ್ಷದ ಚಿಹ್ನೆಯನ್ನು ಬಳಸುವಂತಿಲ್ಲ. ಯಾವ ಅಭ್ಯರ್ಥಿಗೆ ಯಾವ ಪಕ್ಷದ ಬೆಂಬಲವಿದೆ ಎಂಬುದು ಊರಿನವರಿಗೆ ತಿಳಿದಿರಬಹುದು. ಆದರೆ ಕಾನೂನಿನ ದೃಷ್ಟಿಯಲ್ಲಿ ಪಂಚಾಯತಿ ಸದಸ್ಯರು ಯಾವ ಪಕ್ಷದ ಪ್ರತಿನಿಧಿಯೂ ಅಲ್ಲ. ವಸತಿ ಯೋಜನೆ ಮುಂತಾದವುಗಳ ಫಲಾನುಭವಿಗಳ ಆಯ್ಕೆಯ ಚರ್ಚೆ ನಡೆಯುವ ಗ್ರಾಮಸಭೆಯಲ್ಲಿ ಆ ಗ್ರಾಮದ ಪ್ರತಿಯೊಬ್ಬ ಮತದಾರರೂ ಭಾಗವಹಿಸಿ ಪ್ರಶ್ನಿಸಬಹುದಾಗಿದೆ.

6. ಪಕ್ಷಾಂತರ ನಿಷೇಧ

1985ರಲ್ಲಿ ಸಂವಿಧಾನದ 52ನೆಯ ತಿದ್ದುಪಡಿಯ ಮೂಲಕ ಹತ್ತನೆಯ ಅನುಸೂಚಿಯನ್ನು ಸೇರಿಸಲಾಯಿತು. ಇದರಂತೆ ಒಂದು ಪಕ್ಷದಿಂದ ಆಯ್ಕೆಯಾದ ಶಾಸಕರು ಆ ಪಕ್ಷದ ಸದಸ್ಯತ್ವವನ್ನು ಸ್ವಇಚ್ಛೆಯಿಂದ ತೊರೆದಲ್ಲಿ ಅಥವಾ ಸದನದಲ್ಲಿ ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಚಲಾಯಿಸಿದಲ್ಲಿ ಅನರ್ಹತೆಗೆ ಗುರಿಯಾಗಬಹುದು. 2019ರಲ್ಲಿ ಕರ್ನಾಟಕದ 17 ಶಾಸಕರು ಹೀಗೆ ಅನರ್ಹಗೊಂಡರು. ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ನವೆಂಬರ್‌ನಲ್ಲಿ ಅನರ್ಹತೆಯನ್ನು ಎತ್ತಿಹಿಡಿದು, ಉಪಚುನಾವಣೆಯಲ್ಲಿ ಸ್ಪರ್ಧಿಸಲು ಅವಕಾಶ ನೀಡಿತು.

ಚುನಾವಣೆಗೆ ಮುನ್ನ ಪಕ್ಷ ಬದಲಿಸಿ ಮತದಾರರ ಮುಂದೆ ಹೋಗುವುದು ಇದಕ್ಕಿಂತ ಭಿನ್ನ. ಶ್ರೀಮತಿ ಶಕುಂತಲಾ ಶೆಟ್ಟಿ ಅವರು ಪುತ್ತೂರಿನಿಂದ 2004ರಲ್ಲಿ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿಯೂ, 2013ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿಯೂ ಆಯ್ಕೆಯಾದರು. ಇಲ್ಲಿ ತೀರ್ಮಾನ ನೀಡಿದವರು ಮತದಾರರೇ ಆದ್ದರಿಂದ ಇದಕ್ಕೆ ಹತ್ತನೆಯ ಅನುಸೂಚಿಯು ಅನ್ವಯಿಸುವುದಿಲ್ಲ.

7. ಸರ್ಕಾರ ಬದಲಾದರೂ ಸೇವೆ ಮುಂದುವರಿಯುತ್ತದೆ

ಯಾವ ಯೋಜನೆಯನ್ನು ಆರಂಭಿಸಬೇಕು, ಯಾವುದನ್ನು ಪರಿಷ್ಕರಿಸಬೇಕು ಎಂಬುದು ಚುನಾಯಿತ ಸರ್ಕಾರದ ನೀತಿಗೆ ಸೇರಿದ ವಿಷಯ. ಪಕ್ಷಗಳ ನಡುವಿನ ಸ್ಪರ್ಧೆಯ ನಿಜವಾದ ಪ್ರಯೋಜನವೂ ಇದೇ ಆಗಿದೆ. ಆದರೆ ಯೋಜನೆಯು ಜಾರಿಯಲ್ಲಿರುವವರೆಗೆ ಅರ್ಹರೆಲ್ಲರಿಗೂ ಒಂದೇ ನಿಯಮ. ವೃದ್ಧರಿಗಾಗಿ 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯೂ, 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯೂ ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಆರಂಭಿಸಿದವು. ತರುವಾಯ ಬಂದ ಇತರ ಪಕ್ಷಗಳ ಸರ್ಕಾರಗಳೂ ಅವುಗಳನ್ನು ಮುಂದುವರಿಸಿದವು.

ನಾಗರಿಕ ಸೇವೆಗಳಿಗೆ ಕಾಲಮಿತಿಯನ್ನು ನಿಗದಿಪಡಿಸುವ 2011ರ ಸಕಾಲ ಕಾಯಿದೆಯೂ ಇಂತಹುದೇ. ಸುಳ್ಯ ತಾಲೂಕಿನವರೂ, ಪುತ್ತೂರು ಕ್ಷೇತ್ರದಿಂದ 1994 ಮತ್ತು 1999ರಲ್ಲಿ ಶಾಸಕರಾಗಿದ್ದವರೂ ಆದ ಶ್ರೀ ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾಗಿದ್ದಾಗ, 2012ರ ಏಪ್ರಿಲ್ 2ರಂದು ಸಕಾಲವು ರಾಜ್ಯಾದ್ಯಂತ ಜಾರಿಗೆ ಬಂದಿತು. ಅನಂತರ ಸರ್ಕಾರಗಳು ಬದಲಾದರೂ ಕಾಯಿದೆಯು ಉಳಿದಿದೆ. ಇದರಂತೆ ಅರ್ಜಿದಾರರು:

(ಅ) ಅರ್ಜಿ ಸಲ್ಲಿಸಿದ ಕೂಡಲೇ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಪಡೆಯತಕ್ಕದ್ದು.
(ಆ) ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.
(ಇ) ವಿಳಂಬಕ್ಕೆ ದಿನವೊಂದಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ಕೋರಬಹುದು.

ಈ ಮೂರು ಹಂತಗಳಲ್ಲಿ ಯಾವುದಕ್ಕೂ ಯಾವುದೇ ಪಕ್ಷದವರ ಪತ್ರದ ಅವಶ್ಯಕತೆ ಇರುವುದಿಲ್ಲ.

8. ಜನಪ್ರತಿನಿಧಿಗಳನ್ನು ಯಾವಾಗ ಭೇಟಿಯಾಗಬಹುದು?

ಜನಪ್ರತಿನಿಧಿಗಳ ಬಳಿಗೆ ಹೋಗಬಾರದೆಂಬುದು ಇದರ ಅರ್ಥವಲ್ಲ. ರಸ್ತೆ, ಕಾಲುಸಂಕ, ಕುಡಿಯುವ ನೀರು, ಶಾಲಾ ಕಟ್ಟಡ ಮುಂತಾದ ಊರಿನ ಸಾಮೂಹಿಕ ಬೇಡಿಕೆಗಳನ್ನು ಶಾಸಕರ ಗಮನಕ್ಕೆ ತರುವುದು ಯುಕ್ತವೇ ಆಗಿದೆ. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯ ಸಕ್ರಮೀಕರಣ, ಅಂದರೆ ಜನರು ಅಕ್ರಮ-ಸಕ್ರಮ ಎಂದು ಕರೆಯುವ ಅರ್ಜಿಗಳು ಶಾಸಕರ ಅಧ್ಯಕ್ಷತೆಯ ಸಮಿತಿಯ ಮುಂದೆ ಬರುತ್ತವೆ. ಆದರೆ ಅಲ್ಲಿಯೂ ತೀರ್ಮಾನಕ್ಕೆ ಆಧಾರವಾಗುವುದು ಸಾಗುವಳಿಯ ಅವಧಿ, ಜಮೀನಿನ ಸ್ವರೂಪ ಹಾಗೂ ದಾಖಲೆಗಳೇ ಹೊರತು ಅರ್ಜಿದಾರರ ಪಕ್ಷವಲ್ಲ.

9. ಚುನಾವಣಾ ನೀತಿಸಂಹಿತೆ ಜಾರಿಯಲ್ಲಿರುವಾಗ

ಚುನಾವಣೆ ಘೋಷಣೆಯಾದ ಕ್ಷಣದಿಂದ ಮಾದರಿ ನೀತಿಸಂಹಿತೆಯು ಜಾರಿಗೆ ಬರುತ್ತದೆ. ಈ ಅವಧಿಯಲ್ಲಿ ಹೊಸ ಯೋಜನೆಗಳನ್ನು ಘೋಷಿಸುವಂತಿಲ್ಲ. ವೈಯಕ್ತಿಕ ಸೌಲಭ್ಯದ ಯೋಜನೆಗಳಿಗೆ ಹೊಸ ಫಲಾನುಭವಿಗಳ ಆಯ್ಕೆಯನ್ನು ತಡೆಹಿಡಿಯಲಾಗುತ್ತದೆ. ಆದರೆ ಈಗಾಗಲೇ ಮಂಜೂರಾಗಿರುವ ಪಿಂಚಣಿ ಪಾವತಿ, ಪಡಿತರ ವಿತರಣೆ ಮುಂತಾದ ನಿತ್ಯದ ಕಾರ್ಯಗಳು ನಿಲ್ಲುವುದಿಲ್ಲ. ಹೊಸ ಮಂಜೂರಾತಿಯಲ್ಲಿ ಆಗುವ ಈ ತಡವನ್ನು ಅರ್ಜಿಯ ತಿರಸ್ಕಾರವೆಂದು ಭಾವಿಸಬಾರದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಾನು ಸೋತ ಪಕ್ಷಕ್ಕೆ ಮತ ನೀಡಿದ್ದೇನೆ. ನನ್ನ ಪಿಂಚಣಿ ನಿಲ್ಲುವುದೇ?
ಉತ್ತರ: ಇಲ್ಲ. ಮತದಾನವು ಗೋಪ್ಯವಾಗಿರುತ್ತದೆ. ತಾವು ಯಾರಿಗೆ ಮತ ನೀಡಿದಿರಿ ಎಂಬ ಯಾವ ದಾಖಲೆಯೂ ಯಾವ ಕಛೇರಿಯಲ್ಲಿಯೂ ಇರುವುದಿಲ್ಲ. ಯಾರಾದರೂ ಹಾಗೆಂದು ಹೆದರಿಸಿದಲ್ಲಿ ನಂಬಬೇಕಾಗಿಲ್ಲ.

ಪ್ರಶ್ನೆ: ಮತದಾರರ ಪಟ್ಟಿಯ ಕೆಲಸಕ್ಕೆ ಮನೆಗೆ ಬರುವವರು ಪಕ್ಷದವರೇ?
ಉತ್ತರ: ಮತಗಟ್ಟೆ ಮಟ್ಟದ ಅಧಿಕಾರಿಯು ಚುನಾವಣಾ ಆಯೋಗದ ಪರವಾಗಿ ನೇಮಕವಾದವರು. ಮತಗಟ್ಟೆ ಮಟ್ಟದ ಏಜೆಂಟರು ಮಾನ್ಯತೆ ಪಡೆದ ಪಕ್ಷಗಳಿಂದ ನೇಮಕವಾದವರು. ಗುರುತಿನ ಚೀಟಿಯನ್ನು ನೋಡಿ ಖಚಿತಪಡಿಸಿಕೊಳ್ಳಿ. ಹೊಸ ಸೇರ್ಪಡೆಗೆ ನಮೂನೆ 6, ಹೆಸರು ತೆಗೆಯಲು ನಮೂನೆ 7, ತಿದ್ದುಪಡಿ ಅಥವಾ ವಿಳಾಸ ಬದಲಾವಣೆಗೆ ನಮೂನೆ 8 ಅನ್ನು ಸಲ್ಲಿಸಬಹುದು. ಮಾಹಿತಿಗೆ ದೂರವಾಣಿ ಸಂಖ್ಯೆ 1950.

ಪ್ರಶ್ನೆ: ಕಛೇರಿಯ ನೌಕರರು ಪಕ್ಷದ ಸದಸ್ಯರಾಗಬಹುದೇ?
ಉತ್ತರ: ಇಲ್ಲ. ಸರ್ಕಾರಿ ನೌಕರರು ಯಾವುದೇ ರಾಜಕೀಯ ಪಕ್ಷದ ಸದಸ್ಯರಾಗುವುದನ್ನು ಅಥವಾ ಪಕ್ಷದ ಪರ ಪ್ರಚಾರ ಮಾಡುವುದನ್ನು ನಡತೆ ನಿಯಮಗಳು ನಿಷೇಧಿಸಿವೆ.

ವಿಶೇಷ ಸೂಚನೆ

ಪಕ್ಷಗಳಿಲ್ಲದೆ ಸಂಸದೀಯ ಪ್ರಜಾಪ್ರಭುತ್ವವು ನಡೆಯಲಾರದು. ಯಾವ ಪಕ್ಷವನ್ನು ಬೆಂಬಲಿಸಬೇಕು ಎಂಬುದು ಪ್ರತಿಯೊಬ್ಬ ನಾಗರಿಕರ ಸ್ವಾತಂತ್ರ್ಯ. ಮತಗಟ್ಟೆಯಲ್ಲಿ ಆ ಸ್ವಾತಂತ್ರ್ಯವನ್ನು ಚಲಾಯಿಸಿರಿ. ಕಛೇರಿಯ ಕಿಟಕಿಯ ಬಳಿ ತಮ್ಮ ಪಕ್ಷವನ್ನು ಯಾರೂ ಕೇಳುವಂತಿಲ್ಲ, ತಾವೂ ಹೇಳಬೇಕಾಗಿಲ್ಲ. ಭರ್ತಿ ಮಾಡಿದ ಅರ್ಜಿ, ಅಗತ್ಯ ದಾಖಲೆಗಳು ಹಾಗೂ ಸ್ವೀಕೃತಿ, ಇವು ಮೂರನ್ನು ಸರಿಯಾಗಿ ಇಟ್ಟುಕೊಂಡಲ್ಲಿ ಸಾಕು. ಅರ್ಹತೆಯುಳ್ಳವರು ಯಾವುದೇ ಅಂಜಿಕೆಯಿಲ್ಲದೆ ಅರ್ಜಿ ಸಲ್ಲಿಸಿ ಸೇವೆಯ ಪ್ರಯೋಜನ ಪಡೆಯಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.