ಏಸಿ ಹುಟ್ಟಿದ್ದು ನಮಗಾಗಿ ಅಲ್ಲ, ಕಾಗದಕ್ಕಾಗಿ!

ಮಾರ್ಚ್ ಬಂತೆಂದರೆ ಸಾಕು, ಮನೆಯಲ್ಲಿ ರಿಮೋಟಿಗಾಗಿ ಕಿತ್ತಾಟ ಶುರು. ಟೀವಿ ರಿಮೋಟ್ ಅಲ್ಲಾರೀ, ಏಸಿ ರಿಮೋಟ್! ಮಗನಿಗೆ 18 ಡಿಗ್ರಿಯೇ ಬೇಕು. ಅತ್ತೆಗೆ ಮಂಡಿನೋವು, ಆರಿಸಿಬಿಡಿ ಅಂತಾರೆ. ಯಜಮಾನರಿಗೆ ಕರೆಂಟ್ ಬಿಲ್ಲಿನ ಚಿಂತೆ. ನೀವೋ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿರುತ್ತೀರಿ. ಈ ಯಂತ್ರದ ಜಾತಕ ಸ್ವಲ್ಪ ತಿಳಿದಿದ್ದರೆ ಅರ್ಧ ಜಗಳ ತಾನಾಗಿಯೇ ತೀರುತ್ತದೆ.

ಏಸಿ ಮೊದಲು ತಯಾರಾದದ್ದು ಮನುಷ್ಯರನ್ನು ತಂಪಾಗಿಡಲು ಅಲ್ಲವೇ ಅಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ದೊಡ್ಡ ತಲೆನೋವಿತ್ತು. ಮಳೆಗಾಲದಲ್ಲಿ ಡಬ್ಬಿಯ ಹಪ್ಪಳ ಮೆತ್ತಗಾಗುತ್ತದಲ್ಲ, ಹಾಗೆ ಬೇಸಿಗೆಯ ತೇವದ ಗಾಳಿಗೆ ಅಲ್ಲಿನ ಕಾಗದ ಹಿಗ್ಗುತ್ತಿತ್ತು. ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. 25 ವರ್ಷದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸುವ ಉಪಾಯ ಮಾಡಿದ. ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿ ಮೂಡುವಂತೆ ಗಾಳಿಯ ತೇವ ನೀರಾಗಿ ಇಳಿಯಿತು. ನಿಮ್ಮ ಏಸಿಯ ಪೈಪಿನಿಂದ ತೊಟ್ಟಿಕ್ಕುವ ನೀರೂ ಅದೇ.

ಮನೆಗೆ ಇದು ಬಂದದ್ದು 1914ರಲ್ಲಿ, ಅಮೆರಿಕದ ಮಿನಿಯಾಪೊಲಿಸ್‌ನ ಚಾರ್ಲ್ಸ್ ಗೇಟ್ಸ್ ಎಂಬ ಶ್ರೀಮಂತನ ಬಂಗಲೆಗೆ. 7 ಅಡಿ ಎತ್ತರ, 6 ಅಡಿ ಅಗಲ, 20 ಅಡಿ ಉದ್ದ! ನಮ್ಮ ಎಷ್ಟೋ ಬಾಡಿಗೆ ಮನೆಗಳ ಅಡುಗೆಮನೆಯೇ ಅಷ್ಟು ಉದ್ದ ಇರಲ್ಲ. ಪಾಪ, ಮನೆ ಮುಗಿಯುವ ಮೊದಲೇ 1913ರಲ್ಲಿ ಗೇಟ್ಸ್ ತೀರಿಕೊಂಡಿದ್ದ. ಕಿಟಕಿಗೆ ಕೂರುವ ಏಸಿಯ ಕಲ್ಪನೆ ಬಂದದ್ದು 1930ರ ದಶಕದಲ್ಲಿ. ಮಧ್ಯಮ ವರ್ಗದ ಅಮೆರಿಕನ್ನರ ಕೈಗೆ ಅದು ಎಟುಕಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಈಗ ಎಲ್ಲರೂ ಕೇಳುವ ಇನ್ವರ್ಟರ್ ಏಸಿ 1980ರ ಸುಮಾರಿಗೆ ಜಪಾನಿನಲ್ಲಿ ಬಂತು.

ಅಂಗಡಿಯವರು 'ಒಂದು ಟನ್, ಒಂದೂವರೆ ಟನ್' ಅಂದಾಗ ಯಂತ್ರದ ತೂಕ ಅಂದುಕೊಳ್ಳಬೇಡಿ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖ ತೆಗೆಯುವ ಶಕ್ತಿ ಅಂತ ಅರ್ಥ. ಮಂಜುಗಡ್ಡೆ ಮಾರುತ್ತಿದ್ದ ಕಾಲದ ಲೆಕ್ಕ ಇನ್ನೂ ಉಳಿದುಕೊಂಡಿದೆ.

ಈಗ ರಿಮೋಟಿಗೆ ಬರೋಣ. ಮಂಗಳೂರು, ಕಾರವಾರದ ಕಡೆಯವರನ್ನು ಕಾಡುವುದು ಬಿಸಿಗಿಂತ ತೇವ. ಬೆವರು ಆರದೆ ಮೈಗೆ ಅಂಟಿಕೊಳ್ಳುತ್ತದೆ. ಅವರು 'ಡ್ರೈ' ಗುಂಡಿ ಒತ್ತಿ ನೋಡಲಿ, ಎಷ್ಟೋ ದಿನ ಅಷ್ಟೇ ಸಾಕಾಗುತ್ತದೆ. ಕಲಬುರಗಿ, ರಾಯಚೂರಿನದು ಒಣ ಬಿಸಿಲು. ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೀರಿನ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಖರ್ಚೂ ಕಡಿಮೆ. ಅದೇ ಕೂಲರನ್ನು ಮಂಗಳೂರಿನಲ್ಲಿ ಹಚ್ಚಿದರೆ ಸೆಖೆ ಇನ್ನೂ ಜಾಸ್ತಿ!

18ಕ್ಕೆ ಇಟ್ಟರೆ ಬೇಗ ತಣ್ಣಗಾಗುತ್ತೆ ಅನ್ನುವ ಮಗನಿಗೆ ಹೇಳಿ: ಹಳೆ ಮಾದರಿಯ ಕಂಪ್ರೆಸರ್ 18ಕ್ಕೂ 26ಕ್ಕೂ ಓಡುವುದು ಒಂದೇ ವೇಗದಲ್ಲಿ. 18ಕ್ಕಿಟ್ಟರೆ ನಿಲ್ಲುವುದು ತಡ, ಅಷ್ಟೇ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ. 2020ರಿಂದ ತಯಾರಾದ ಏಸಿಗಳು ಆನ್ ಮಾಡಿದಾಗ 24ಕ್ಕೇ ಬರುವುದು ಅದಕ್ಕೇ. 26ಕ್ಕಿಟ್ಟು ಫ್ಯಾನನ್ನು ನಿಧಾನಕ್ಕೆ ತಿರುಗಲು ಬಿಡಿ. ಅತ್ತೆಯವರ ಮಂಚದ ಕಡೆಗೆ ನೇರ ಗಾಳಿ ಬೀಸದಂತೆ ರೆಕ್ಕೆಗಳನ್ನು ಮೇಲಕ್ಕೆ ತಿರುಗಿಸಿ. ಕೊಳ್ಳುವಾಗ ನಕ್ಷತ್ರ ಎಣಿಸಿದರೆ ಸಾಲದು, ಚೀಟಿಯ ಮೇಲಿನ ವರ್ಷವನ್ನೂ ನೋಡಿ. ಮಾನದಂಡ ಆಗಾಗ ಬಿಗಿಯಾಗುವುದರಿಂದ ಹಳೆಯ ಐದು ನಕ್ಷತ್ರ ಹೊಸ ಐದಕ್ಕೆ ಸಮವಲ್ಲ.

ಇನ್ನು ಅಡುಗೆಮನೆ. ಮನೆಯಲ್ಲಿ ಅತಿ ಹೆಚ್ಚು ಬಿಸಿ, ಅತಿ ಹೆಚ್ಚು ತೇವ ಎರಡೂ ಇರುವ ಜಾಗ ಅದೇ. ಗ್ಯಾಸ್ ಉರಿದರೂ ತೇವ ಹುಟ್ಟುತ್ತದೆ, ಕುಕ್ಕರಿನ ಹಬೆ ಬೇರೆ. ಆದರೂ ಏಸಿ ಹೋಗುವುದು ಮಲಗುವ ಕೋಣೆಗೆ. ಅಡುಗೆಮನೆಗೂ ಏಸಿ ಹಾಕಿಸಿ ಅಂತ ನಾನು ಹೇಳಲ್ಲ. ಎಣ್ಣೆ ಜಿಡ್ಡಿಗೆ ಅದರ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಆದರೆ ಏಸಿಗೆ ಎತ್ತಿಟ್ಟ ಹಣದಲ್ಲಿ ಮೊದಲು ಒಂದು ಒಳ್ಳೆಯ ಎಕ್ಸಾಸ್ಟ್ ಫ್ಯಾನು ಅಥವಾ ಚಿಮಣಿ ಬರಲಿ ಎಂದು ಧೈರ್ಯವಾಗಿ ಕೇಳಿ. ಹಬೆ ಹೊರಗೆ ಹೋದರೆ ಒಲೆ ಮುಂದಿನ ಸೆಖೆ ಎಷ್ಟೋ ಇಳಿಯುತ್ತದೆ, ಪಕ್ಕದ ಹಾಲಿನ ಏಸಿಗೂ ಹೊರೆ ಕಡಿಮೆ.

ತೊಟ್ಟಿಕ್ಕುವ ನೀರಿಗೆ ಒಂದು ಬಕೆಟ್ ಇಡಿ. ನೆಲ ಒರೆಸಲು, ಗಿಡಕ್ಕೆ ಹಾಕಲು ಆಗುತ್ತದೆ. ಕುಡಿಯಲು ಮಾತ್ರ ಬೇಡ.